ಏಡಾಬಾಯಿಯ ಊರುಗಳಲ್ಲಿ

ವಿದನ್‌ಶಾ

ನನ್ನ ಗಂಟಲನ್ನು ಜನ ಏನೇನಕ್ಕೋ ಹೋಲಿಸಿದ್ದಾರೆ. ಕೋಗಿಲೆ ಅಂದಿದ್ದಾರೆ, ಸಿಟ್ಟು ಬಂದಾಗ ಕಾಗೆ ಅಂದಿದ್ದಾರೆ. ಆದರೆ ಅದನ್ನು ಕೆಟ್ಟುಹೋದ ಬಾಯ್ಲರ್ ಎಂದು ತಿಳಿದು ರಿಪೇರಿಯವನನ್ನು ಕರೆಸಿದವರು ಇಡೀ ಭೂಮಿಯ ಮೇಲೆ ಪಕ್ಕದ ಮನೆಯ ಮಾರ್ಗರೆಟ್ ಒಬ್ಬರೇ.

ತಪ್ಪು ಅವರದೇನಲ್ಲ. ಮ್ಯಾಂಚೆಸ್ಟರಿನ ಈ ವಿದನ್‌ಶಾ ಭಾಗದಲ್ಲಿ ಮನೆಗಳು ಜೋಡಿ ಜೋಡಿಯಾಗಿ ಮೈ ಅಂಟಿಸಿಕೊಂಡು ನಿಂತಿರುತ್ತವೆ. ಎರಡು ಸಂಸಾರಗಳ ನಡುವೆ ಒಂದೇ ಗೋಡೆ. ನಮ್ಮ ಕಡೆ ಹಾಗೆ ಗೋಡೆ ಹಂಚಿಕೊಂಡರೆ ಪಕ್ಕದ ಮನೆಯ ಸಾರಿಗೆ ಉಪ್ಪು ಕಡಿಮೆಯಾದದ್ದೂ ನಮಗೆ ಗೊತ್ತಿರುತ್ತದೆ. ಇಲ್ಲಿ ನನ್ನ ತಂಗಿಯ ಮಗಳು ವೈಶಾಲಿ ಆ ಮನೆಯಲ್ಲಿ ಇಷ್ಟು ವರ್ಷ ಇದ್ದೂ ಗೋಡೆಯ ಆಚೆಗಿನವರ ಪೂರ್ತಿ ಹೆಸರು ಕೇಳಿರಲಿಲ್ಲ.

ನಾನು ಬೆಳಕು ಹರಿಯುವ ಮುಂಚೆ ಏಳುವವಳು. ಎದ್ದು ಮುಖ ತೊಳೆದು, ಗೋಡೆಗೆ ಬೆನ್ನು ಕೊಟ್ಟು ಕುಳಿತು, ಗಂಟಲಿಗೆ ಎಟುಕುವ ಅತ್ಯಂತ ಕೆಳಗಿನ ಷಡ್ಜ ಹಿಡಿದು ಕೂರುತ್ತೇನೆ. ಇದಕ್ಕೆ ಖರ್ಜ ಎನ್ನುತ್ತಾರೆ. ಮೇಲಿನ ಸ್ವರ ಬೇಕಾದರೆ ಮೊದಲು ಕೆಳಗೆ ಪಾಯ ತೋಡು ಎಂದು ನನಗೆ ಕಲಿಸಿದ್ದಾರೆ. ನಾನು ಬಂದ ಮೊದಲ ವಾರ ಪೂರ್ತಿ ಮಾರ್ಗರೆಟ್ ತಮ್ಮ ಗೋಡೆಯೊಳಗೆ ಏನೋ ಗುಂಯ್ಗುಡುವುದನ್ನು ಕೇಳಿ ಹೆದರಿದ್ದಾರೆ. ರಿಪೇರಿಯವನು ಬಂದು ಎಲ್ಲ ಬಿಚ್ಚಿ ನೋಡಿ ಏನೂ ಇಲ್ಲ ಅಂದು ಹೋಗಿದ್ದಾನೆ. ಮರುದಿನ ಅದೇ ಸದ್ದು ಷಡ್ಜ ಬಿಟ್ಟು ರಿಷಭಕ್ಕೆ ಏರಿದಾಗ, ಬಾಯ್ಲರ್ ಹೀಗೆಲ್ಲ ಮಾಡುವುದಿಲ್ಲ ಎಂದು ಅವರಿಗೆ ಹೊಳೆದು, ಬಂದು ನಮ್ಮ ಬಾಗಿಲ ಗಂಟೆ ಒತ್ತಿದರು.

ವೈಶಾಲಿ ಇಲ್ಲಿಯ ದೊಡ್ಡ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ಡಾಕ್ಟರು. ಡ್ಯೂಟಿಗೆ ಹೊರಟವಳು ಬಾಗಿಲಲ್ಲೇ ನಿಂತು ಮೂರ್ನಾಲ್ಕು ಸಲ ಸಾರಿ ಹೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ದೊಡ್ಡವ್ವಾ, ಇಲ್ಲೆ ಗ್ವಾಡಿ ತೆಳ್ಳಗ ಇರ್ತಾವ ಅಂತ ನಾ ಹೇಳಿದ್ನಿಲ್ಲೊ?" ಎಂದು ಹಲ್ಲು ಕಚ್ಚಿದಳು.

"ನಾನು ಜಗಳಕ್ಕೆ ಬಂದಿಲ್ಲ," ಅಂದರು ಮಾರ್ಗರೆಟ್. ಎಂಬತ್ತು ದಾಟಿದ ಮುದುಕಿ, ಕೈಯಲ್ಲಿ ಕೋಲಿದ್ದರೂ ನಿಲುವು ನೆಟ್ಟಗಿತ್ತು. "ನಮ್ಮಜ್ಜಿಯ ತಂಗಿ ಏಡಾ ಹೀಗೇ ಮಾಡುತ್ತಿದ್ದಳು. ಬೆಳಿಗ್ಗೆ ಎದ್ದು ಹೀಗೇ ಕೆಳಗಿನ ಸ್ವರ ಹಿಡಿದು ಮನೆಯವರ ನಿದ್ದೆ ಕೆಡಿಸುತ್ತಿದ್ದಳು. ಅವಳು ಆಪೆರಾ ಹಾಡುವವಳು. ನೀವು ಯಾರು?"

ನಾನು ಯಾರು ಎಂದು ಹೇಳಿಬಿಡುತ್ತೇನೆ. ಗದಗ ಕಡೆಯ ನಾಟಕ ಕಂಪನಿಗಳಲ್ಲಿ ಹಾಡಿಕೊಂಡು, ಅತ್ತುಕೊಂಡು, ರಾತ್ರಿಗೊಮ್ಮೆ ವಿಷ ಕುಡಿದು ಸತ್ತುಕೊಂಡು ಬದುಕಿದವಳು. ಹೋದ ವರ್ಷ ಹುಬ್ಬಳ್ಳಿಯ ಒಂದು ಸಮಾರಂಭದಲ್ಲಿ ದ್ರೌಪದಿಯ ಪದ ಹಾಡುವಾಗ ತಾರಸ್ಥಾಯಿಯಲ್ಲಿ ನನ್ನ ದನಿ ಒಡೆಯಿತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು, ಕತ್ತೆಯ ಕೂಗು ಸೇರಿಸಿ, ನಗುವ ಮುಖಗಳನ್ನು ಅಂಟಿಸಿ ಊರೆಲ್ಲ ಹಂಚಿದರು. ಅದಾದ ಮೇಲೆ ಜನ ನನ್ನನ್ನು ಹಾಡಲು ಕರೆಯುವುದನ್ನು ನಿಲ್ಲಿಸಿ ಸನ್ಮಾನಕ್ಕೆ ಕರೆಯಲು ಶುರುಮಾಡಿದರು. ಕುರ್ಚಿ ಕೊಡುತ್ತಾರೆ, ಮೈಕು ಕೊಡುವುದಿಲ್ಲ. ಇನ್ನು ಹಾಡುವುದೋ ಬಿಡುವುದೋ ಎಂದು ತಲೆ ಕೆಟ್ಟಿದ್ದ ಹೊತ್ತಿಗೆ ವೈಶಾಲಿ ಟಿಕೆಟ್ ಕಳಿಸಿದಳು. ಜೊತೆಗೆ ಬರ್ಮಿಂಗ್‌ಹ್ಯಾಮಿನ ಕನ್ನಡ ಕೂಟದವರು ನನಗೊಂದು ಗೌರವ ಇಟ್ಟುಕೊಂಡಿದ್ದಾರೆ ಎಂಬ ಸುದ್ದಿಯನ್ನೂ ಕಳಿಸಿದಳು. ಅಲ್ಲಿ ಹಾಡಬಹುದು, ದೂರದ ಊರಿನಲ್ಲಿ ಒಮ್ಮೆ ಪರೀಕ್ಷೆ ಆಗಿಯೇ ಹೋಗಲಿ ಅಂದುಕೊಂಡು ವಿಮಾನ ಹತ್ತಿದ್ದೆ.

ಮಾರ್ಗರೆಟ್ ಅವರ ಇಂಗ್ಲಿಷಿಗೂ ನನ್ನ ಇಂಗ್ಲಿಷಿಗೂ ಮೊದಲ ದಿನ ಅಷ್ಟಾಗಿ ಹೊಂದಿಕೆ ಬರಲಿಲ್ಲ. ಚಹಾ ಮಾಡಿಕೊಟ್ಟೆ. ಸಕ್ಕರೆ ನೋಡಿ ಕಣ್ಣರಳಿಸಿದರೂ ಕಪ್ಪು ಖಾಲಿ ಮಾಡಿದರು. ಎದ್ದು ಹೊರಡುವಾಗ, "ನಿಮಗೆ ಏಡಾಳ ಊರುಗಳನ್ನು ತೋರಿಸುತ್ತೇನೆ, ಬರುತ್ತೀರಾ?" ಎಂದು ಕೇಳಿದರು. ಅಂದಿನಿಂದ ನನ್ನ ಬಾಯಲ್ಲಿ ಆಕೆ ಏಡಾಬಾಯಿ ಆದಳು. ನಮ್ಮ ಕಡೆ ಹಾಡುವ ಹೆಂಗಸಿಗೆ ಹಾಗೆ ಕರೆಯುವುದೇ ಮರ್ಯಾದೆ.

ಸಾಲ್ಫರ್ಡ್

ಟ್ರಾಮಿನಲ್ಲಿ ಹೋದೆವು. ಇಲ್ಲಿಯ ಟ್ರಾಮಿನಲ್ಲಿ ಜನ ಕೂರುವ ರೀತಿ ನೋಡಿದರೆ ಎಲ್ಲರೂ ಒಟ್ಟಿಗೆ ಮೌನವ್ರತ ಹಿಡಿದಂತೆ ಕಾಣುತ್ತದೆ. ನಾನು ಎದುರಿನವಳನ್ನು ಯಾವ ಊರವ್ವ ನಿಂದು ಎಂದು ಕೇಳಿದೆ. ಅವಳು ಸಾರಿ ಅಂದು, ಕಿವಿಯಲ್ಲಿದ್ದದ್ದನ್ನು ತೆಗೆದು, ಮತ್ತೆ ಸಾರಿ ಅಂದು, ಮುಂದಿನ ಸ್ಟಾಪಿನಲ್ಲಿ ಇಳಿದುಹೋದಳು. ಅವಳ ಸ್ಟಾಪು ಅದೇ ಇದ್ದಿರಬೇಕು ಎಂದು ಸಮಾಧಾನ ಮಾಡಿಕೊಂಡೆ.

ಸಾಲ್ಫರ್ಡಿನಲ್ಲಿ ನೀರಿನ ದಂಡೆಗೆ ಟೀವಿಯವರ ಗಾಜಿನ ಕಟ್ಟಡಗಳು ಎದ್ದಿವೆ. ಅವನ್ನು ದಾಟಿ, ಹಿಂದಿನ ಓಣಿಗಳಲ್ಲಿ ನಡೆದು, ಕೆಂಪು ಇಟ್ಟಿಗೆಯ ಒಂದು ಉದ್ದನೆಯ ಕಟ್ಟಡದ ಮುಂದೆ ಮಾರ್ಗರೆಟ್ ನಿಂತರು. ಹತ್ತಿಯ ಗಿರಣಿಯಾಗಿದ್ದದ್ದು ಈಗ ಫ್ಲ್ಯಾಟುಗಳಾಗಿದೆ. ಏಡಾಬಾಯಿ ಹುಡುಗಿಯಾಗಿದ್ದಾಗ ಅರ್ಧ ದಿನ ಶಾಲೆ, ಅರ್ಧ ದಿನ ಇಲ್ಲಿ ಮಗ್ಗದ ಕೆಲಸ. ಒಳಗೆ ಹೋಗಬೇಕೆಂದರೆ ಬಾಗಿಲಿಗೆ ಕಾರ್ಡು ಒತ್ತಬೇಕು. ಇಣುಕಿ ನೋಡುತ್ತಿದ್ದ ನಮ್ಮನ್ನು ಹೊರಗೆ ಬಂದ ಒಬ್ಬ ಹೆಂಗಸು ಫ್ಲ್ಯಾಟ್ ಕೊಳ್ಳಲು ಬಂದವರೆಂದು ತಿಳಿದು, ಕೌನ್ಸಿಲ್‌ನವರ ಮನೆ ತೆರಿಗೆ ಬಹಳ, ಯೋಚನೆ ಮಾಡಿ ಎಂದು ಎಚ್ಚರಿಸಿ ಹೋದಳು.

ಮಗ್ಗಗಳ ಗದ್ದಲದಲ್ಲಿ ಪಕ್ಕದಲ್ಲಿ ಕೂಗಿದರೂ ಕೇಳಿಸುತ್ತಿರಲಿಲ್ಲವಂತೆ. ಅದಕ್ಕೆ ಗಿರಣಿಯ ಹೆಂಗಸರು ದನಿಯನ್ನೇ ಬಿಟ್ಟು ಬರೀ ತುಟಿಯಿಂದ ಮಾತಾಡುವುದನ್ನು ಕಲಿತಿದ್ದರು. ಬಾಯಿಯನ್ನು ಅಗಲಿಸಿ, ಚೂಪು ಮಾಡಿ, ಹುಬ್ಬು ಏರಿಸಿ, ಒಂದೊಂದು ಅಕ್ಷರವನ್ನೂ ಮುಖದ ಮೇಲೆ ಬರೆದಂತೆ ಹೇಳುವುದು. ಮಾರ್ಗರೆಟ್ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ಮಾಡಿ ತೋರಿಸಿದರು. ಚಹಾ ಕುಡಿಯೋಣವೇ ಎಂದು ಕೇಳುತ್ತಿದ್ದಾರೆ ಎಂದು ನನಗೆ ಥಟ್ಟನೆ ತಿಳಿಯಿತು. ಆಗ ಇನ್ನೊಂದೂ ತಿಳಿಯಿತು. ಆಪೆರಾದಲ್ಲಿ ಮೇಲಿನ ಸ್ವರಕ್ಕೆ ಹೋದರೆ ಮಾತು ಸತ್ತುಹೋಗುತ್ತದೆ, ಬರೀ ಆಲಾಪ ಉಳಿಯುತ್ತದೆ ಎಂದು ಎಲ್ಲರೂ ಗೊಣಗುತ್ತಿದ್ದ ಕಾಲದಲ್ಲಿ ಏಡಾಬಾಯಿಯ ಒಂದೊಂದು ಮಾತೂ ಮೇಲಿನ ಅಟ್ಟಣಿಗೆಯ ಕೊನೆಯ ಬೆಂಚಿಗೆ ತಲುಪುತ್ತಿತ್ತಂತೆ. ಆ ಬಾಯಿ ತಯಾರಾದದ್ದು ಈ ಗಿರಣಿಯಲ್ಲಿ.

ಅವಳು ಹಾಡಿದ್ದು ಮೊದಲು ಚರ್ಚಿನ ಮೇಳದಲ್ಲಿ. ಅಲ್ಲಿ ಕೇಳಿದ ಗಿರಣಿ ಮಾಲೀಕನ ಹೆಂಡತಿ ಸಂಗೀತ ಕಲಿಸುವ ಖರ್ಚು ತನ್ನದು ಅಂದಳಂತೆ. ಆದರೆ ಒಂದು ಷರತ್ತು. ಏಡಾ ಹೆಬ್ಡನ್ ಎಂಬ ಗಿರಣಿಯವಳ ಹೆಸರು ನಡೆಯುವುದಿಲ್ಲ, ಇಟಲಿಯವಳಂತೆ ಸಿನ್ಯೋರಾ ಎಬ್ದೋನಿ ಎಂದಿಟ್ಟುಕೊಳ್ಳಬೇಕು. ಆಗ ಇಂಗ್ಲೆಂಡಿನ ಹಾಡುಗಾರರು ಹಾಗೆ ಮಾಡುವುದು ಮಾಮೂಲಂತೆ. ಏಡಾಬಾಯಿ, "ಆ ಹೆಸರಿನ ಪೋಸ್ಟರ್ ಹಚ್ಚಿದರೆ ನನ್ನ ಅವ್ವನಿಗೆ ನಾನು ಎಲ್ಲಿ ಹಾಡುತ್ತಿದ್ದೇನೆ ಅಂತ ಗೊತ್ತಾಗುವುದಿಲ್ಲ," ಎಂದು ಎದ್ದು ಬಂದಳಂತೆ.

ಇದನ್ನು ಕೇಳಿ ನನಗೆ ಹೊಟ್ಟೆಕಿಚ್ಚೇ ಆಯಿತು. ನನ್ನ ಹೆಸರು ಸಂಗವ್ವ. ಕಂಪನಿಗೆ ಸೇರಿದ ವಾರದಲ್ಲಿ ಮಾಲೀಕರು ಬೋರ್ಡಿನ ಮೇಲೆ ಮಿಸ್ ಶೋಭಾ ಎಂದು ಬರೆಸಿದರು, ನನ್ನನ್ನು ಒಂದು ಮಾತು ಕೇಳಲೂ ಇಲ್ಲ. ನನ್ನ ಅವ್ವ ಓದು ಬರದವಳು, ಬೋರ್ಡಿನಲ್ಲಿದ್ದ ಚಿತ್ರ ನೋಡಿ ಗುರುತು ಹಿಡಿಯುತ್ತಿದ್ದಳು. ಆ ಮಾಲೀಕರು ಈಗ ಇಲ್ಲ, ಇದ್ದಿದ್ದರೆ ಸಾಲ್ಫರ್ಡಿನಿಂದಲೇ ಫೋನು ಮಾಡಿ ಬೈಯುತ್ತಿದ್ದೆ.

ಲೀಡ್ಸ್

ಮ್ಯಾಂಚೆಸ್ಟರಿನಿಂದ ಲೀಡ್ಸಿಗೆ ರೈಲು ಬೋಳು ಗುಡ್ಡಗಳ ನಡುವೆ ಹೋಗುತ್ತದೆ. ಗುಡ್ಡದ ಈ ಕಡೆಯವರಿಗೂ ಆ ಕಡೆಯವರಿಗೂ ಹಳೆಯ ಹಗೆ ಇದೆಯಂತೆ. ಅವರ ಚಹಾ ನೀರು, ಅವರ ಮಾತು ಒರಟು ಎಂದು ಮಾರ್ಗರೆಟ್ ದಾರಿಯುದ್ದಕ್ಕೂ ಹೇಳಿದರು. ಇಳಿದು ಕುಡಿದ ಚಹಾ ನನಗೆ ಮ್ಯಾಂಚೆಸ್ಟರಿನದರಂತೆಯೇ ಕಂಡಿತು, ಆದರೆ ಸುಮ್ಮನಿದ್ದೆ. ಧಾರವಾಡದವರ ಮುಂದೆ ಹುಬ್ಬಳ್ಳಿಯನ್ನು ಹೊಗಳಿ ನಾನು ಸಾಕಷ್ಟು ಅನುಭವಿಸಿದ್ದೇನೆ.

ಏಡಾಬಾಯಿ ಕೊನೆಗೆ ಸೇರಿದ್ದು ಊರೂರು ತಿರುಗುವ ಒಂದು ಆಪೆರಾ ಕಂಪನಿ. ಇಟಲಿಯ, ಜರ್ಮನಿಯ ಕಥೆಗಳನ್ನು ಇಂಗ್ಲಿಷಿನಲ್ಲಿ ಹಾಡಿಸಿ ಗಿರಣಿ ಊರುಗಳಲ್ಲಿ ಆಡುತ್ತಿದ್ದರು. ಸಾಮಾನು, ಪರದೆ, ಮಕ್ಕಳು ಮರಿ ಎಲ್ಲವನ್ನೂ ರೈಲಿಗೆ ಹೇರಿಕೊಂಡು ಒಂದು ಊರಿನ ಕ್ಯಾಂಪು ಮುಗಿಸಿ ಇನ್ನೊಂದು ಊರಿಗೆ. ಕೇಳುತ್ತಾ ಹೋದಂತೆ ಇದು ನನ್ನದೇ ಬದುಕು ಅನ್ನಿಸಿತು, ಚಳಿಯೊಂದು ಹೆಚ್ಚು. "ಅವಳು ಉತ್ತರದ ಪ್ರತಿಯೊಂದು ಊರಿನಲ್ಲೂ ಕ್ಷಯ ಬಂದು ಸತ್ತಿದ್ದಾಳೆ. ಸತ್ತ ಮೇಲೆ ಒಂದು ಮಾಂಸದ ಕಡುಬು ತಿಂದು ಮಲಗುತ್ತಿದ್ದಳು," ಅಂದರು ಮಾರ್ಗರೆಟ್. ನಾನು ಸತ್ತ ಮೇಲೆ ಮಿರ್ಚಿ ಭಜಿ ತಿನ್ನುತ್ತಿದ್ದೆ ಎಂದು ಹೇಳಿದೆ.

ಅಂದು ಮಧ್ಯಾಹ್ನದ ಆಟಕ್ಕೆ ಮಾರ್ಗರೆಟ್ ಟಿಕೆಟ್ ತೆಗೆಸಿದ್ದರು. ಏಡಾಬಾಯಿ ಹಾಡಿದ ಥಿಯೇಟರೇ, ಅವಳು ಸಾಯುತ್ತಿದ್ದಂಥದೇ ಕಥೆ. ನಾನು ಈ ಮೊದಲು ಆಪೆರಾ ಕಂಡವಳಲ್ಲ. ಮೈಕಿಲ್ಲ ಎಂದಾಗಲೇ ನೆಟ್ಟಗೆ ಕುಳಿತೆ. ಕಡೆಯ ಅಂಕದಲ್ಲಿ ಆ ಹುಡುಗಿ ಮಂಚದಿಂದ ಎದ್ದು ಹಾಡಿದಳು ನೋಡಿ, ನನಗೆ ಕಣ್ಣೀರು ತಡೆಯಲಿಲ್ಲ. ಅಷ್ಟು ದೊಡ್ಡ ವಾದ್ಯಮೇಳದ ಮೇಲೆ ಬರೀ ಗಂಟಲು ಹಾಯಿಸಿ ನಮ್ಮ ಅಟ್ಟಣಿಗೆಗೆ ಮುಟ್ಟಿಸಿದಳು. ಹಾಡು ಮುಗಿಸಿ ಕೆಳಗೆ ಬಿದ್ದಳು. ನಾನು ನನ್ನನ್ನೇ ಮರೆತು ಎದ್ದು ನಿಂತು, ನಾಟಕ ಕಂಪನಿಯ ಗಂಟಲು ತೆರೆದು, "ಒನ್ಸ್ ಮೋರ್" ಎಂದು ಕೂಗಿದೆ.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಒನ್ಸ್ ಮೋರ್ ಬಿದ್ದರೆ ಸತ್ತವಳು ಸೀರೆ ಸರಿಮಾಡಿಕೊಂಡು ಎದ್ದು, ಪದವನ್ನು ಮತ್ತೆ ಹಾಡಿ, ಮತ್ತೆ ಸಾಯಬೇಕು. ಇಲ್ಲಿ ಇಡೀ ಥಿಯೇಟರು ಹಿಂತಿರುಗಿ ನೋಡಿತು. ವಾದ್ಯಮೇಳ ನುಡಿಸುತ್ತಲೇ ಇತ್ತು, ನಾಯಕ ಶವದ ಮೇಲೆ ಬಿದ್ದು ಅಳುತ್ತಿದ್ದ, ಶವದ ಹೊಟ್ಟೆ ನಗುವಿಗೆ ಕುಲುಕಿದ್ದನ್ನು ನಾನು ಕಣ್ಣಾರೆ ಕಂಡೆ. ಬಾಗಿಲು ಕಾಯುವ ಹುಡುಗಿ ಬಗ್ಗಿ ಬಂದು ಎಲ್ಲ ಆರಾಮ ಇದ್ದೀರಾ ಎಂದು ಮೆಲ್ಲಗೆ ವಿಚಾರಿಸಿದಳು. ಬೈಯುವುದನ್ನೂ ಇವರು ಕ್ಷೇಮಸಮಾಚಾರದ ಹಾಗೆ ಮಾಡುತ್ತಾರೆ.

ಹೊರಗೆ ಬಂದ ಮೇಲೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. ಮಾರ್ಗರೆಟ್ ಗೋಡೆಗೆ ಒರಗಿ ನಗುತ್ತಿದ್ದರು. ಏಡಾಬಾಯಿಯ ಕಾಲದಲ್ಲಿ ಗಿರಣಿಯವರು ಹೀಗೇ ಕೂಗುತ್ತಿದ್ದರಂತೆ. ಮ್ಯಾನೇಜರ್, ಕಥೆ ಕೆಡುತ್ತದೆ, ಮತ್ತೆ ಹಾಡಿಸಬಾರದು ಎಂದು ಬೋರ್ಡು ಹಾಕಿಸಿದರೂ ಅವಳು ಕೇಳುತ್ತಿರಲಿಲ್ಲ, ದುಡಿದು ದಣಿದು ಬಂದವರು ಕೇಳುತ್ತಿದ್ದಾರೆ, ಹಾಡುವವಳು ನಾನು, ನಿನಗೇನು ನೋವು ಎಂದು ಎದ್ದು ಹಾಡುತ್ತಿದ್ದಳಂತೆ. ಬಸುರಿಯಾಗಿ ಹೊಟ್ಟೆ ಕಾಣಿಸಿದಾಗ ಅದೇ ಮ್ಯಾನೇಜರ್ ಮನೆಯಲ್ಲಿ ಕೂರು ಎಂದನಂತೆ. ಏಡಾಬಾಯಿ ತಾನೇ ಕುಳಿತು ಉಡುಪಿನ ಹೊಲಿಗೆ ಬಿಚ್ಚಿ, ಪರದೆಯ ಬಟ್ಟೆಯ ತುಂಡು ಸೇರಿಸಿ ಹೊಲಿದುಕೊಂಡು, ಆ ರಾತ್ರಿ ಕನ್ಯೆಯ ಪಾತ್ರ ಮಾಡಿದಳಂತೆ.

"ಜನ ನಗಲಿಲ್ಲವೇ?" ಎಂದು ಕೇಳಿದೆ.

"ನಕ್ಕರು. ಮೊದಲ ಹಾಡಿನವರೆಗೆ ನಕ್ಕರು," ಅಂದರು ಮಾರ್ಗರೆಟ್.

ಗೋಡೆಯ ಆಚೆ

ಬರ್ಮಿಂಗ್‌ಹ್ಯಾಮಿಗೆ ಹೊರಡುವ ಮುನ್ನಾದಿನ ಮಾರ್ಗರೆಟ್ ನನ್ನನ್ನು ತಮ್ಮ ಮನೆಗೆ ಕರೆದರು. ನಾನು ಬೆನ್ನು ಕೊಟ್ಟು ಕೂರುವ ಗೋಡೆಯ ಇನ್ನೊಂದು ಮುಖವನ್ನು ಅಂದು ನೋಡಿದೆ. ಅಲ್ಲಿ ಏಡಾಬಾಯಿಯ ಫೋಟೋ ಇತ್ತು. ಗುಂಡು ಮುಖ, ದಪ್ಪ ಕತ್ತು, ಫೋಟೋದವನು ನಗು ಎಂದಿರಬೇಕು, ಇವಳು ನಕ್ಕಿಲ್ಲ.

ವಯಸ್ಸು ಐವತ್ತರ ಹತ್ತಿರ ಬಂದಾಗ ಕಂಪನಿಯವರು ಅವಳನ್ನು ಕೇಳದೆಯೇ ಬರ್ಮಿಂಗ್‌ಹ್ಯಾಮಿನಲ್ಲಿ ವಿದಾಯದ ಸಂಗೀತ ಕಚೇರಿ ಇಟ್ಟರಂತೆ. ಹೂವು, ಬೆಳ್ಳಿಯ ತಟ್ಟೆ, ಊರಿನ ದೊಡ್ಡವರ ಭಾಷಣ ಎಲ್ಲ ಆಯಿತು. ಏಡಾಬಾಯಿ ಮುಂದೆ ಬಂದು, ನಾನು ನಿವೃತ್ತಳಾಗುತ್ತಿದ್ದೇನೆ ಎಂಬುದನ್ನು ನಿಮ್ಮ ಹಾಗೆ ನಾನೂ ಪೇಪರಿನಲ್ಲೇ ಓದಿದೆ, ಮಂಗಳವಾರ ಲೀಡ್ಸಿನಲ್ಲಿ ಹಾಡುತ್ತಿದ್ದೇನೆ, ಬನ್ನಿ ಎಂದಳಂತೆ. ಮಂಗಳವಾರ ಲೀಡ್ಸಿನಲ್ಲಿ ಯಾವ ಕಚೇರಿಯೂ ಇರಲಿಲ್ಲ. ಹೇಳಿಯಾಗಿದೆಯಲ್ಲ ಎಂದು ಹೋಗಿ ಒಂದು ಚರ್ಚಿನ ಹಾಲ್ ಬಾಡಿಗೆಗೆ ಹಿಡಿದು ಹಾಡಿದಳು. ಆಮೇಲೆ ಯಾವ ಕಂಪನಿಯೂ ಸೇರಿಸಿಕೊಳ್ಳಲಿಲ್ಲ. ಚರ್ಚುಗಳಲ್ಲಿ, ಯುದ್ಧ ಬಂದಾಗ ಕಾರ್ಖಾನೆಯ ಊಟದ ಕೋಣೆಗಳಲ್ಲಿ, ಆಸ್ಪತ್ರೆಗಳಲ್ಲಿ ಹಾಡಿದಳು. ಮಾರ್ಗರೆಟ್ ಪುಟ್ಟ ಹುಡುಗಿಯಾಗಿದ್ದಾಗ ಏಡಾಬಾಯಿ ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಾ ಹಾಡುತ್ತಿದ್ದದ್ದು ಅವರಿಗೆ ನೆನಪಿದೆ. ಬೆಕ್ಕು ಎದ್ದು ಹೊರಗೆ ಹೋಗುತ್ತಿತ್ತಂತೆ.

ಆಮೇಲೆ ಮಾರ್ಗರೆಟ್ ಒಂದು ರೆಕಾರ್ಡು ತೆಗೆದರು. ಬಿಳಿಯ ಲೇಬಲ್, ಅದರ ಮೇಲೆ ಅಚ್ಚಾದದ್ದು ಏನೂ ಇಲ್ಲ. ರೆಕಾರ್ಡಿನ ಕಂಪನಿಯವರು ಮಾದರಿಗೆಂದು ಒತ್ತಿಸಿ ಮನೆಗೆ ಕಳಿಸಿದ್ದು, ಅಂಗಡಿಗೆ ಬರಲೇ ಇಲ್ಲ.

ಮುಳ್ಳು ಇಟ್ಟರು. ಕರಕರ ಸದ್ದಿನ ನಡುವಿನಿಂದ ದನಿ ಬಂತು. ನನಗೆ ಆ ಸಂಗೀತದ ವ್ಯಾಕರಣ ಗೊತ್ತಿಲ್ಲ, ಆದರೆ ಗಂಟಲು ಗೊತ್ತು. ಉಸಿರು ಎಲ್ಲಿ ತೆಗೆದುಕೊಂಡಳು, ಎಲ್ಲಿ ಉಳಿಸಿಕೊಂಡಳು, ಎಲ್ಲ ತಿಳಿಯುತ್ತಿತ್ತು. ಹಾಡು ಮೇಲೇರಿತು, ಮತ್ತೂ ಮೇಲೇರಿತು, ತುತ್ತತುದಿಯ ಸ್ವರಕ್ಕೆ ಹೋದಾಗ ದನಿ ಒಡೆಯಿತು. ಸಣ್ಣದಾಗಿ ಅಲ್ಲ, ಚೆನ್ನಾಗಿಯೇ ಒಡೆಯಿತು. ನನ್ನ ಕೈ ತಾನಾಗಿ ನನ್ನ ಕತ್ತಿಗೆ ಹೋಯಿತು. ಏಡಾಬಾಯಿ ನಿಲ್ಲಲಿಲ್ಲ, ಅವಸರವನ್ನೂ ಮಾಡಲಿಲ್ಲ. ಮುಂದಿನ ಸಾಲನ್ನು ಅಷ್ಟೇ ನಿಧಾನವಾಗಿ, ಒಂದೊಂದು ಮಾತನ್ನೂ ಬಿಡಿಸಿ ಹಾಡಿ ಮುಗಿಸಿದಳು.

"ಇನ್ನೊಂದು ಸಲ ಹಾಡಿ, ಒಳ್ಳೆಯದನ್ನು ಇಟ್ಟುಕೊಳ್ಳೋಣ ಅಂದರಂತೆ," ಅಂದರು ಮಾರ್ಗರೆಟ್. "ಅವಳು ಕೋಟು ಹಾಕಿಕೊಂಡಳಂತೆ. ನಾನು ಹಾಡಿದ್ದು ಇದೇ, ಹೊರಗೆ ತರುವುದಾದರೆ ತನ್ನಿ, ಬಿಡುವುದಾದರೆ ಬಿಡಿ ಅಂದಳಂತೆ. ಅವರು ಬಿಟ್ಟರು."

ನಾನು ಮೂರು ಸಲ ಹಾಕಿಸಿ ಕೇಳಿದೆ. ಒಡೆದ ಜಾಗ ದಾಟಿದಾಗಲೆಲ್ಲ ಒಂಥರಾ ಸಿಟ್ಟು ಬರುತ್ತಿತ್ತು. ಹುಬ್ಬಳ್ಳಿಯಲ್ಲಿ ದನಿ ಒಡೆದಾಗ ನಾನು ಪದ ಅಲ್ಲಿಗೇ ಬಿಟ್ಟು, ಕೈ ಮುಗಿದು, ಕ್ಷಮಿಸಿ ಎಂದು ಕೆಳಗಿಳಿದಿದ್ದೆ. ಕ್ಷಮೆ ಯಾತಕ್ಕೆ ಕೇಳಿದೆ, ಯಾರ ಮನೆಯ ಗಂಟು ಕದ್ದಿದ್ದೆ? ನಾಳೆ ಹಾಡುವುದೇ ಸೈ ಎಂದು ಅಲ್ಲೇ ಕುರ್ಚಿಯಲ್ಲಿ ಕುಳಿತು ತೀರ್ಮಾನ ಮಾಡಿದೆ. ಮಾರ್ಗರೆಟ್ ಅವರನ್ನೂ ಕರೆದೆ.

ಬರ್ಮಿಂಗ್‌ಹ್ಯಾಮ್

ವೈಶಾಲಿ ಓಡಿಸುತ್ತಿದ್ದ ಕಾರಿನ ಹಿಂದಿನ ಸೀಟಿನಲ್ಲಿ ಮಾರ್ಗರೆಟ್ ಸ್ಯಾಂಡ್‌ವಿಚ್ ತಿಂದು ನಿದ್ದೆ ಹೋದರು. ದೊಡ್ಡ ರಸ್ತೆಯಲ್ಲಿ ಸಾಲು ಸಾಲು ಲಾರಿ. ಯಾರೂ ಹಾರನ್ ಹೊಡೆಯುವುದಿಲ್ಲ, ನಮ್ಮ ಕಡೆಯಿಂದ ಹೋದವರಿಗೆ ಅದೇ ಒಂದು ಭಯ. ನಾನು ದ್ರೌಪದಿಯ ಪದವನ್ನು ಮನಸ್ಸಿನಲ್ಲೇ ತಿರುವಿ ಹಾಕುತ್ತಾ, ಶ್ರುತಿ ಫೋನಿನಲ್ಲಿ ಹಚ್ಚಲು ಬರುತ್ತದೆಯೇ ಎಂದು ವೈಶಾಲಿಯನ್ನು ಕೇಳಿದೆ.

"ಹಾಡೂದು ಇಲ್ಲ ದೊಡ್ಡವ್ವಾ. ಬರೇ ಸನ್ಮಾನ ಐತಿ," ಅಂದಳು.

"ಅವರು ಹಾಡಸೂದಿಲ್ಲ ಅಂದ್ರೇನು?"

"ಅವರಲ್ಲ. ನಾನಽ ಬ್ಯಾಡ ಅಂದೆ."

"ಯಾಕ?" ಅಂದೆ.

"ಆ ವಿಡಿಯೋ ನನಗೂ ಬಂದಿತ್ತು," ಅಂದಳು ವೈಶಾಲಿ. "ಆಸ್ಪತ್ರ್ಯಾಗ ಕುಂತು ನೋಡಿದೆ. ಕತ್ತಿ ಒದರೋ ಸಪ್ಪಳಾ ಹಾಕಿದ್ರು, ನನ್ನ ಜೋಡಿ ಕಲ್ತಾವ್ರ ಗ್ರೂಪಿನ್ಯಾಗ ಎಲ್ಲಾರೂ ನಗಾಕತ್ತಿದ್ರು. ನನಗ ತಡ್ಕೊಳಾಕ ಆಗಲಿಲ್ಲ. ಇಲ್ಲೆ ಮತ್ತ ಅದಽ ಆದ್ರ ನಾ ಏನ ಮಾಡ್ಲಿ? ಅವ್ವನೂ ಇಲ್ಲ, ನನಗ ಉಳದಾಕಿ ನೀ ಒಬ್ಬಾಕಿ. ನಿನ್ನ ಮಾರಿ ಹಂಗ ಆಗಿದ್ದು ಇನ್ನೊಮ್ಮೆ ನೋಡಾಕ ನನ್ನ ಕಡಿಂದ ಆಗೂದಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. ಅವಳ ಕಣ್ಣು ಒದ್ದೆಯಾದದ್ದನ್ನು ಕಂಡು ಅರ್ಧ ಇಳಿಯಿತು, ಪೂರ್ತಿ ಇಳಿಯಲಿಲ್ಲ.

"ನೋಡವಾ," ಅಂದೆ, "ನಗೂದು ಅವರ ಕೆಲಸ, ಹಾಡೂದು ನನ್ನ ಕೆಲಸ. ನಿನ್ನ ಕೆಲಸದಾಗ ನಾ ಯಾವತ್ತರ ಕೈ ಹಾಕೇನೇನು? ನಿನಗ ನೋಡಾಕ ಆಗದಿದ್ರ ಹೊರಗ ನಿಂದ್ರು. ನಾ ಹಾಡಾಕಿ."

ಸಮಾರಂಭ ಒಂದು ಶಾಲೆಯ ಹಾಲಿನಲ್ಲಿತ್ತು. ಬಾಗಿಲಲ್ಲಿ ಅರಿಶಿನ ಕುಂಕುಮ, ಒಳಗೆ ಬಿಸಿಬೇಳೆ ಭಾತಿನ ವಾಸನೆ. ಬೀದರಿನವರು, ಮಂಗಳೂರಿನವರು, ಮೈಸೂರಿನವರು ಎಲ್ಲರೂ ಸೇರಿದಾಗ ಒಂದೇ ಥರದ ಬೆಂಗಳೂರು ಕನ್ನಡ ಆಡುತ್ತಿದ್ದರು. ವೈಶಾಲಿಯೂ ಕಾರಿನಿಂದ ಇಳಿದ ಕೂಡಲೇ ಅದಕ್ಕೆ ಬದಲಾಯಿಸಿ, "ಇವರು ನಮ್ಮ ದೊಡ್ಡಮ್ಮ" ಎಂದು ಪರಿಚಯ ಮಾಡಿಸಿದಳು. ಮಕ್ಕಳು ನಮಸ್ತೆ ಹೇಳಿ ಇಂಗ್ಲಿಷಿನಲ್ಲಿ ಓಡಿಹೋದವು.

ಕಾರ್ಯದರ್ಶಿ ಪ್ರಸನ್ನ ಮೈಸೂರಿನ ಕಡೆಯವರು, ಬಹಳ ಸಭ್ಯ ಮನುಷ್ಯ. "ಅಮ್ಮ, ನೀವು ಆರಾಮಾಗಿ ಕೂತ್ಕೊಳ್ಳಿ. ಮಾತಾಡೋದೂ ಬೇಡ, ಹಾಡೋದೂ ಬೇಡ. ನಿಮಗೆ ಏನೂ ತೊಂದ್ರೆ ಕೊಡಲ್ಲ," ಅಂದರು.

"ನನಗ ತೊಂದರಿ ಬೇಕಾಗೇತಿ," ಅಂದೆ. ಅವರು ನಕ್ಕರು, ನಾನು ತಮಾಷೆ ಮಾಡುತ್ತಿದ್ದೇನೆ ಅಂದುಕೊಂಡರು.

ವೇದಿಕೆಗೆ ಕರೆದರು. ತಲೆಗೆ ಪೇಟ ಇಟ್ಟರು. ಜರಿ ಶಾಲನ್ನು ಕತ್ತಿನ ಸುತ್ತ ಎರಡು ಸುತ್ತು ಸುತ್ತಿ ಹೊದಿಸಿದರು, ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟರು. ಪ್ರಸನ್ನ ಅವರು ನನ್ನ ಬಗ್ಗೆ ಓದಿದರು. ಹಾಡುತ್ತಿದ್ದರು, ರಂಜಿಸುತ್ತಿದ್ದರು, ಮನೆಮಾತಾಗಿದ್ದರು ಎಂದು ಎಲ್ಲವನ್ನೂ ಇದ್ದರು, ಇದ್ದರು ಎಂದೇ ಓದಿದರು. ನಾನು ಎದುರಿಗೇ ಕುಳಿತಿದ್ದೆ. ಚಪ್ಪಾಳೆಯಾಯಿತು. ಸಿನಿಮಾ ಹಾಡಿನ ಕರೋಕೆ ಹಾಡುವ ಹುಡುಗರು ಮುಂದಿನ ಹಾಡಿಗೆ ಮೈಕು ಸರಿಮಾಡಲು ಬಂದರು. ಪ್ರಸನ್ನ ನನ್ನ ಮೊಣಕೈ ಹಿಡಿದು ಇಳಿಸಲು ಕೈ ಚಾಚಿದರು.

ನಾನು ಬುಟ್ಟಿಯನ್ನು ಕುರ್ಚಿಯ ಮೇಲಿಟ್ಟು ಮುಂದೆ ಬಂದೆ. ಮೈಕನ್ನು ಪಕ್ಕಕ್ಕೆ ಸರಿಸಿದೆ. "ಒಂದು ಪದಾ ಹಾಡ್ತೀನಿ. ಮೊದಲಿನ ದನಿ ಇಲ್ಲ, ಈಗ ಇದ್ದ ದನ್ಯಾಗ ಹಾಡ್ತೀನಿ," ಅಂದೆ. ಶ್ರುತಿ ಇಲ್ಲ, ತಬಲಾ ಇಲ್ಲ. ಕಂಪನಿಯಲ್ಲಿ ದನಿ ಸಾಲದೇ ಹೋದರೆ ಪೇಟಿ ಮಾಸ್ತರು ಹಾರ್ಮೋನಿಯಂ ಒತ್ತಿ ಆ ಸ್ವರ ಮುಚ್ಚುತ್ತಿದ್ದರು. ಇಲ್ಲಿ ಮುಚ್ಚುವವರು ಯಾರೂ ಇರಲಿಲ್ಲ. ಷಡ್ಜ ಹಿಡಿದೆ.

ತುಂಬಿದ ಸಭೆಯಲ್ಲಿ ನಿಂತ ದ್ರೌಪದಿ ಒಬ್ಬೊಬ್ಬ ಹಿರಿಯನನ್ನೂ ಹೆಸರು ಹಿಡಿದು ಕೇಳುವ ಪದ ಅದು. ಕೆಳಗಿನ ಸಾಲುಗಳು ಚೆನ್ನಾಗಿ ಬಂದವು. ಊಟದ ಮೇಜಿನ ಹತ್ತಿರ ನಿಂತವರು ಮಾತು ನಿಲ್ಲಿಸಿದರು. ಶಾಲು ಬಿಗಿಯಾಗಿತ್ತು, ಉಸಿರು ಅರ್ಧಕ್ಕೇ ನಿಲ್ಲುತ್ತಿತ್ತು. ಆದರೂ ಏರಿದೆ. ತಾರಸ್ಥಾಯಿಯಲ್ಲಿ, ಹುಬ್ಬಳ್ಳಿಯಲ್ಲಿ ಒಡೆದ ಅದೇ ಜಾಗದಲ್ಲಿ, ದನಿ ಒಡೆಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಎರಡು ಮೂರು ಮೊಬೈಲು ಮೇಲೆದ್ದವು. ಮುಂದಿನ ಸಾಲಿನಲ್ಲಿ ಮಾರ್ಗರೆಟ್ ಅವರ ಪಕ್ಕ ಕುಳಿತ ವೈಶಾಲಿ ಮುಖ ತಗ್ಗಿಸಿದ್ದಳು.

ನಾನು ಕೈ ಮುಗಿಯಲಿಲ್ಲ. ಕ್ಷಮೆ ಕೇಳಲಿಲ್ಲ. ನಕ್ಕವರ ಕಡೆಗೇ ನೋಡುತ್ತಾ, ಒಡೆದ ದನಿಯಲ್ಲೇ ಮುಂದಿನ ಸಾಲು ಎತ್ತಿಕೊಂಡೆ. ಗಂಟಲು ಸೋತಲ್ಲಿ ಮಾತನ್ನು ಬಿಡಿಸಿ ಹೇಳಿದೆ. ಭೀಷ್ಮನನ್ನು ಕೇಳಿದೆ, ದ್ರೋಣನನ್ನು ಕೇಳಿದೆ, ಕುರುಡು ದೊರೆಯನ್ನು ಕೇಳಿದೆ. ಆಮೇಲೆ ನಗು ಕೇಳಲಿಲ್ಲ. ಪದ ಮುಗಿಸಿದೆ.

ಚಪ್ಪಾಳೆ ಬಂತು. ಎಲ್ಲರೂ ತಟ್ಟಿದರು ಎಂದು ಸುಳ್ಳು ಹೇಳುವುದಿಲ್ಲ. ಪ್ರಸನ್ನ ನೀರಿನ ಬಾಟಲಿ ಹಿಡಿದು ಓಡಿಬಂದರು. "ಸುಸ್ತಾಗಿರುತ್ತೆ ಅಮ್ಮ, ಬನ್ನಿ, ಕೆಳಗೆ ಕೂತ್ಕೊಳ್ಳಿ," ಅಂದರು. ಅವರ ಹಿಂದೆಯೇ ವೈಶಾಲಿ ಮೆಟ್ಟಿಲು ಹತ್ತಿ ಬಂದಳು. ಕರೆದುಕೊಂಡು ಹೋಗಲು ಬಂದಿದ್ದಾಳೆ ಅಂದುಕೊಂಡು ನಾನು ಕಾಲು ಗಟ್ಟಿ ಊರಿ ನಿಂತೆ.

ಅವಳು ನನ್ನ ಮುಂದೆ ನಿಂತು ನನ್ನ ಎದೆ ಏರಿಳಿಯುವುದನ್ನು ನೋಡಿದಳು. ಅವಳ ಕೆಲಸವೇ ಅದು, ಮಲಗಿದವರ ಉಸಿರು ನೋಡುವುದು.

"ಈ ಶಾಲು ಕುತ್ತಿಗಿಗೆ ಬಿಗಿ ಆಗೇತಿ ದೊಡ್ಡವ್ವಾ," ಅಂದಳು. ಮೈಕು ಹತ್ತಿರವೇ ಇತ್ತು, ಇಡೀ ಹಾಲಿಗೆ ಕೇಳಿಸಿತು. "ಪೂರ್ತಿ ಉಸಿರು ತಗೊಳಾಕ ಆಗವಲ್ದು ನಿನಗ. ಕೊಡ ಇಲ್ಲೆ."

ಸುತ್ತು ಬಿಚ್ಚಿ ಶಾಲು ತೆಗೆದಳು. ಪೇಟ ತೆಗೆದಳು. ಎರಡನ್ನೂ ಪ್ರಸನ್ನ ಅವರ ಕೈಗೆ ಕೊಟ್ಟು, "ನೀವು ಕುಂದರ್ರಿ. ಇನ್ನೊಂದು ಪದಾ ಐತಿ," ಅಂದಳು.

ಅವಳು ವೇದಿಕೆಯ ಅಂಚಿನಲ್ಲೇ ನೆಲಕ್ಕೆ ಕುಳಿತು ನನ್ನ ಮುಖ ನೋಡಿದಳು. ನಾನು ಹೊಟ್ಟೆಯ ತಳದವರೆಗೆ ಉಸಿರು ಎಳೆದುಕೊಂಡೆ.